ಮೇಲೆ ಚಪ್ಪಡಿ, ಕೆಳಗೆ ಸಕ್ಕರೆ

ಕಾಶ್ಮೀರದಲ್ಲಿ ಚಳಿಗಾಲ ಬಂತೆಂದರೆ ವಿಪತ್ತು ನಿರ್ವಹಣಾ ಪ್ರಾಧಿಕಾರದ ಎಚ್ಚರಿಕೆಗಳು ಶುರುವಾಗುತ್ತವೆ. ಒಕ್ಕಣೆ ಹೆಚ್ಚುಕಮ್ಮಿ ಒಂದೇ ಥರ: ಕುಪ್ವಾರಾ, ಬಾರಾಮುಲ್ಲಾ, ಬಂಡಿಪೋರಾ ಜಿಲ್ಲೆಗಳಲ್ಲಿ ಇಂತಿಷ್ಟು ಮೀಟರ್‌ಗಿಂತ ಎತ್ತರದ ಜಾಗಗಳಲ್ಲಿ ಮುಂದಿನ 24 ಗಂಟೆಗಳಲ್ಲಿ ಮಧ್ಯಮ ಮಟ್ಟದ ಹಿಮಕುಸಿತದ ಅಪಾಯವಿದೆ, ಜನ ಆ ಕಡೆ ಹೋಗಬಾರದು. ಊರಿನವರಿಗೆ ಅಷ್ಟು ಸಾಕು. ಅವತ್ತು ಬೆಟ್ಟದ ಬುಡದ ದಾರಿ ಹಿಡಿಯುವುದಿಲ್ಲ, ಮುಗಿಯಿತು. ಆದರೆ ಕಾಲಿಗೆ ಸ್ಕೀ ಕಟ್ಟಿಕೊಂಡು ಬೆಟ್ಟದ ನೆತ್ತಿಯಿಂದಲೇ ಇಳಿಯಬೇಕೆಂದು ಹೊರಟವನಿಗೆ ಈ ಒಂದು ಸಾಲಿನಿಂದ ಏನೂ ತಿಳಿಯುವುದಿಲ್ಲ. ಜಿಲ್ಲೆ ದೊಡ್ಡದು; ಅವನು ಇಳಿಯಲಿರುವ ಇಳಿಜಾರು ಐವತ್ತು ಗಜ ಅಗಲದ್ದು.

‘ಮಧ್ಯಮ’ ಎಂದು ಓದಿದಾಗ ಮನಸ್ಸು ಅದನ್ನು ಪರೀಕ್ಷೆಯ ಅಂಕದ ಹಾಗೆ ತೆಗೆದುಕೊಂಡುಬಿಡುತ್ತದೆ. ಪರವಾಗಿಲ್ಲ, ನಡೆಯುತ್ತದೆ ಎಂದು. ಯುರೋಪಿನಲ್ಲಿ ಬಳಕೆಯಲ್ಲಿರುವ ಅಪಾಯದ ಅಳತೆಗೆ ಐದು ಮಟ್ಟಗಳಿವೆ. ಸ್ಕೀಯಿಂಗ್ ಮಾಡುವವರು ಹೆಚ್ಚಾಗಿ ಸಾಯುವುದು ಐದನೆಯ ಮಟ್ಟದ ದಿನ ಅಂತ ಯಾರಾದರೂ ಊಹಿಸಿಯಾರು. ಹಾಗಿಲ್ಲ, ಹೆಚ್ಚು ಸಾವು ಮೂರನೆಯ ಮಟ್ಟದ ದಿನಗಳಲ್ಲಿ. ಐದನೆಯ ಮಟ್ಟ ಘೋಷಿಸಿದ ದಿನ ಬಿರುಗಾಳಿ ಇರುತ್ತದೆ, ರಸ್ತೆ ಬಂದ್, ಕೇಬಲ್ ಕಾರ್ ಬಂದ್, ಮನೆ ಬಿಟ್ಟು ಯಾರೂ ಹೊರಡುವುದಿಲ್ಲ. ಮೂರನೆಯ ಮಟ್ಟದ ದಿನ ಆಕಾಶ ತೊಳೆದಿಟ್ಟಂತಿರುತ್ತದೆ, ಹಿಂದಿನ ರಾತ್ರಿ ಬಿದ್ದ ಹೊಸ ಹಿಮ ಹೊಳೆಯುತ್ತಿರುತ್ತದೆ, ಕೇಬಲ್ ಕಾರ್ ಓಡುತ್ತಿರುತ್ತದೆ. ಅಂಥ ದಿನಕ್ಕಾಗಿಯೇ ತಾನೆ ಅಷ್ಟು ದೂರದಿಂದ ಹೋಗಿರುವುದು.

ಗುಲ್ಮಾರ್ಗ್‌ನ ಸ್ಕೀ ಬಾಡಿಗೆ ಅಂಗಡಿಗಳ ಮುಂದೆ ಫೆಬ್ರುವರಿಯಲ್ಲಿ ಕನ್ನಡ ಕಿವಿಗೆ ಬೀಳುವುದು ಈಗ ಅಪರೂಪವಲ್ಲ. ಬಹಳಷ್ಟು ಮಂದಿ ಊರೊಳಗಿನ ಸಣ್ಣ ದಿಬ್ಬಗಳಲ್ಲಿ ಬಿದ್ದು ಎದ್ದು ಕಲಿತು, ಫೋಟೊ ತೆಗೆಸಿಕೊಂಡು ವಾಪಸಾಗುತ್ತಾರೆ. ಅವರಿಗೆ ಹಿಮಕುಸಿತದ ಚಿಂತೆ ಬೇಕಿಲ್ಲ. ಮಾತು ಇರುವುದು ಎರಡನೆಯ ಸಲವೋ ಮೂರನೆಯ ಸಲವೋ ಹೋಗಿ, ಕಾಲು ಸ್ವಲ್ಪ ಹಿಡಿತಕ್ಕೆ ಬಂದು, ಗೊಂಡೋಲಾ ಎಂಬ ಕೇಬಲ್ ಕಾರ್ ಹತ್ತಿ ಅಫರ್ವಟ್ ಬೆಟ್ಟದ ನೆತ್ತಿಗೆ ಹೋಗುವವರ ಬಗ್ಗೆ.

ಗುಲ್ಮಾರ್ಗ್ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಗೊಂಡೋಲಾದ ಮೊದಲ ಹಂತ ಕೊಂಗ್ಡೋರಿಯವರೆಗೆ. 2005ರಲ್ಲಿ ಶುರುವಾದ ಎರಡನೆಯ ಹಂತ ಅಲ್ಲಿಂದ ಎತ್ತಿಕೊಂಡು ಹೋಗಿ ಅಫರ್ವಟ್‌ನ ಭುಜದ ಮೇಲೆ, ಹತ್ತಿರ ಹತ್ತಿರ 4,000 ಮೀಟರ್ ಎತ್ತರದಲ್ಲಿ ಬಿಡುತ್ತದೆ. ಬೇರೆ ಬಹಳಷ್ಟು ಕಡೆ ಇಂಥ ಎತ್ತರಕ್ಕೆ ಹೋಗಬೇಕಾದರೆ ಅರ್ಧ ದಿನ ಏದುಸಿರು ಬಿಡುತ್ತಾ ಹತ್ತಬೇಕು. ಹತ್ತುವಾಗ ಕಾಲಡಿಯ ಹಿಮ ಹೇಗಿದೆ, ಗಾಳಿ ಯಾವ ಕಡೆಯಿಂದ ಬೀಸಿದೆ, ಎಲ್ಲಿ ಬಿರುಕು ಬಿಟ್ಟಿದೆ ಎಂಬುದೆಲ್ಲ ತಾನಾಗಿ ಗಮನಕ್ಕೆ ಬರುತ್ತದೆ. ಇಲ್ಲಿ ಗಾಜಿನ ಡಬ್ಬಿಯಲ್ಲಿ ಕೂತು ಸೆಲ್ಫಿ ತೆಗೆದುಕೊಳ್ಳುವಷ್ಟರಲ್ಲಿ ಮೇಲಿರುತ್ತೀರಿ. ಗೊಂಡೋಲಾದ ನೇರ ಕೆಳಗಿನ ಬೋಗುಣಿಯಂಥ ಜಾಗದಲ್ಲಿ ಸ್ಕೀ ಪ್ಯಾಟ್ರೋಲ್‌ನವರ ಕಾವಲಿದೆ. ಹಿಮ ಬಿದ್ದ ಮೇಲೆ ಅಗತ್ಯಬಿದ್ದರೆ ಸ್ಫೋಟಕ ಇಟ್ಟು ಮೊದಲೇ ಬೀಳಿಸಿ ಆಮೇಲೆ ಜನರನ್ನು ಬಿಡುತ್ತಾರೆ. ಅಲ್ಲಿಂದ ಎಡಕ್ಕೋ ಬಲಕ್ಕೋ ನೂರು ಹೆಜ್ಜೆ ಸರಿದರೆ ಕಾವಲಿಲ್ಲದ ಬೆಟ್ಟ. ಬ್ಯಾಕ್‌ಕಂಟ್ರಿ ಎನ್ನುವುದು ಅದನ್ನೇ. ನೋಡಲು ಎರಡೂ ಒಂದೇ ಬಿಳಿ.

ಈ ಜಾಗದಲ್ಲಿ ಸ್ಕೀ ಕಲಿಸುವ ಪಾಠಶಾಲೆಯೊಂದನ್ನು ಸೇನೆಗಾಗಿ ತೆರೆಸಿದವರು ನಮ್ಮ ಕೊಡಗಿನ ಕೆ.ಎಸ್. ತಿಮ್ಮಯ್ಯ. 1948ರ ನವೆಂಬರ್‌ನಲ್ಲಿ ಜೋಜಿಲಾ ಕಣಿವೆಗೆ ಟ್ಯಾಂಕ್ ಹತ್ತಿಸಿದ ಅದೇ ಜನರಲ್, ಮರುತಿಂಗಳೇ ತಮ್ಮ 19ನೇ ಡಿವಿಷನ್‌ನ ಸೈನಿಕರಿಗೆ ಗುಲ್ಮಾರ್ಗ್‌ನಲ್ಲಿ ಸ್ಕೀ ಶಾಲೆ ಆರಂಭಿಸಿದರು. ಅದೇ ಬೆಳೆದು ಇವತ್ತಿನ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್ ಆಗಿದೆ. ಹಿಮದ ಬಗ್ಗೆ ಈ ದೇಶದಲ್ಲಿ ಅತಿ ಹೆಚ್ಚು ತಿಳಿದವರು ಇರುವ ಜಾಗಗಳಲ್ಲಿ ಅದೂ ಒಂದು. 2010ರ ಫೆಬ್ರುವರಿ 8ರಂದು ಇದೇ ಶಾಲೆಯ ತರಬೇತಿ ತಂಡ ಖಿಲನ್‌ಮಾರ್ಗ್‌ನಲ್ಲಿದ್ದಾಗ ಹಿಮ ಕುಸಿದು 17 ಸೈನಿಕರು ಸತ್ತರು. ಖಿಲನ್‌ಮಾರ್ಗ್ ಕಡಿದಾದ ಜಾಗವೇನಲ್ಲ, ಬೇಸಿಗೆಯಲ್ಲಿ ಕುದುರೆ ಸವಾರಿಗೆ ಪ್ರವಾಸಿಗರನ್ನು ಕರೆದೊಯ್ಯುವ ಹುಲ್ಲುಗಾವಲು. ಆದರೆ ಅದರ ತಲೆಯ ಮೇಲೆ ಅಫರ್ವಟ್ ಇದೆ. ನಿಂತ ನೆಲ ಸಮತಟ್ಟಾಗಿದ್ದರೆ ಸಾಲದು, ಮೇಲೆ ಏನಿದೆ ಎಂದು ನೋಡಬೇಕು.

ಆಮೇಲೆ 2023ರ ಫೆಬ್ರುವರಿ 1ರಂದು ಅಫರ್ವಟ್‌ನ ಹಾಪತ್‌ಖುಡ್ ಕಡೆ ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು ಹಿಮದಡಿ ಸಿಕ್ಕಿ ಸತ್ತರು. ಜೊತೆಗಿದ್ದ 19 ವಿದೇಶಿಯರನ್ನು ಕೆಳಗೆ ತರಲಾಯಿತು. ಮರುವರ್ಷ ಫೆಬ್ರುವರಿ 22ರಂದು ರಷ್ಯಾದ ಒಬ್ಬರು. ಆ ಎರಡನೆಯ ಘಟನೆಯ ಹೊತ್ತಿಗೆ ಗುಲ್ಮಾರ್ಗ್‌ನಲ್ಲಿ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟ ನಡೆಯುತ್ತಿತ್ತು. ಟಿ.ವಿ.ಯವರು ಯಥಾಪ್ರಕಾರ ‘ಹಿಮ ಸುನಾಮಿ’ ಅಂದರು. ಸುನಾಮಿ ಎಲ್ಲೋ ದೂರದಿಂದ ಬಂದು ಅಪ್ಪಳಿಸುವಂಥದು. ಸ್ಕೀಯರ್‌ಗಳ ವಿಷಯದಲ್ಲಿ ಲೆಕ್ಕ ಬೇರೆಯೇ ಇದೆ: ಸಾವು ತರುವ ಹಿಮಕುಸಿತಗಳಲ್ಲಿ ಹತ್ತಕ್ಕೆ ಒಂಬತ್ತನ್ನು ಎಬ್ಬಿಸಿದವರು ಸಿಕ್ಕಿಕೊಂಡವರೇ, ಇಲ್ಲವೇ ಅವರ ತಂಡದವರು. ಬೆಟ್ಟ ತಾನಾಗಿ ಬೀಳಲಿಲ್ಲ. ಬೀಳಲು ಕಾದಿದ್ದ ಜಾಗಕ್ಕೆ ಮನುಷ್ಯ ಕಾಲಿಟ್ಟ. ಬೊಬ್ಬೆ ಹೊಡೆದರೆ ಹಿಮ ಕುಸಿಯುತ್ತದೆ ಎಂಬ ಸಿನಿಮಾ ಕತೆಯನ್ನೂ ಇಲ್ಲಿಗೇ ಬಿಟ್ಟುಬಿಡಬಹುದು. ಕೂಗಿನಿಂದ ಏನೂ ಆಗದು, ಭಾರದಿಂದ ಆಗುತ್ತದೆ.

ಒಬ್ಬ ಮನುಷ್ಯನ ಎಪ್ಪತ್ತು ಕಿಲೋ ಭಾರಕ್ಕೆ ಒಂದು ಇಳಿಜಾರೇ ಕಳಚಿಕೊಳ್ಳುವುದು ಹೇಗೆ? ಇದಕ್ಕೆ ಉತ್ತರ ಹಿಮದ ಹೊಟ್ಟೆಯಲ್ಲಿದೆ.

ನವೆಂಬರಿನಲ್ಲಿ ಮೊದಲ ಹಿಮ ಬೀಳುತ್ತದೆ ಅಂದುಕೊಳ್ಳಿ, ಅರ್ಧ ಮೀಟರ್. ಆಮೇಲೆ ವಾರಗಟ್ಟಲೆ ಬರೀ ಬಿಸಿಲು, ರಾತ್ರಿ ಕೊರೆಯುವ ಚಳಿ. ಹಿಮದ ಅಡಿಯ ನೆಲ ಬೇಸಿಗೆಯ ಬಿಸಿಯನ್ನು ಇನ್ನೂ ಇಟ್ಟುಕೊಂಡಿರುತ್ತದೆ, ಅಲ್ಲಿ ಉಷ್ಣತೆ ಸೊನ್ನೆಯ ಆಸುಪಾಸು. ಹಿಮದ ಮೇಲ್ಮೈ ರಾತ್ರಿ ಮೈನಸ್ 15ಕ್ಕೆ ಇಳಿದರೆ, ಆ ಅರ್ಧ ಮೀಟರ್‌ನಲ್ಲಿ ಪ್ರತಿ 10 ಸೆಂಟಿಮೀಟರ್‌ಗೆ 3 ಡಿಗ್ರಿ ವ್ಯತ್ಯಾಸ. ಕೆಳಗಿನ ಬೆಚ್ಚನೆಯ ಹಿಮದಿಂದ ನೀರಾವಿ ಮೇಲಿನ ತಣ್ಣನೆಯ ಹರಳುಗಳತ್ತ ಹೊರಡುತ್ತದೆ, ಅವುಗಳ ಮೇಲೆ ಕೂತು ಹೆಪ್ಪುಗಟ್ಟುತ್ತದೆ. 10 ಸೆಂಟಿಮೀಟರ್‌ಗೆ ಸುಮಾರು 1 ಡಿಗ್ರಿ ದಾಟಿದರೆ ಸಾಕು, ಈ ಕೆಲಸ ಜೋರಾಗುತ್ತದೆ. ಒಂದಕ್ಕೊಂದು ಬೆಸೆದುಕೊಂಡು ಮೆತ್ತಗೆ ಕೂತಿದ್ದ ಹಿಮ ಕೆಲವೇ ದಿನಗಳಲ್ಲಿ ಮೂಲೆ ಮೊನೆ ಇರುವ ದಪ್ಪ ಹರಳುಗಳಾಗುತ್ತದೆ. ಕೈಗವಸಿನ ಮೇಲೆ ಹಾಕಿಕೊಂಡು ಭೂತಗನ್ನಡಿಯಲ್ಲಿ ನೋಡಿದರೆ ಒಂದೊಂದಕ್ಕೂ ಪಟ್ಟಿ ಪಟ್ಟಿ ಮುಖಗಳು. ಉಂಡೆ ಕಟ್ಟಲು ಹೋದರೆ ಬೆರಳ ಸಂದಿಯಿಂದ ಸುರಿದುಹೋಗುತ್ತದೆ. ಸ್ಕೀಯರ್‌ಗಳು ಇದನ್ನು ಸಕ್ಕರೆ ಹಿಮ ಎನ್ನುತ್ತಾರೆ.

ಈಗ ಅದೇ ಜಾಗದಲ್ಲಿ 2 ಮೀಟರ್ ಹಿಮ ಇದ್ದಿದ್ದರೆ? ಅದೇ 15 ಡಿಗ್ರಿ ವ್ಯತ್ಯಾಸ 2 ಮೀಟರ್‌ಗೆ ಹಂಚಿಹೋಗಿ 10 ಸೆಂಟಿಮೀಟರ್‌ಗೆ ಮುಕ್ಕಾಲು ಡಿಗ್ರಿ. ಹರಳುಗಳು ದುಂಡಗಾಗಿ, ಒಂದಕ್ಕೊಂದು ಅಂಟಿಕೊಂಡು, ಹಿಮ ಗಟ್ಟಿಯಾಗುತ್ತಾ ಹೋಗುತ್ತದೆ. ಹಾಗಾಗಿ ಹಿಮ ಕಡಿಮೆ ಬಿದ್ದ ವರ್ಷ ಅಪಾಯ ಕಡಿಮೆ ಎಂದುಕೊಳ್ಳುವಂತಿಲ್ಲ. ತೆಳುವಾಗಿ ಬಿದ್ದು, ಒಣಗಿ, ಆಮೇಲೆ ಒಮ್ಮೆಲೇ ಸುರಿದ ವರ್ಷಕ್ಕೆ ಹೆದರಬೇಕು. 2024ರ ಜನವರಿಯಲ್ಲಿ ಗುಲ್ಮಾರ್ಗ್ ಕಂದು ಹುಲ್ಲಿನ ಮೈದಾನವಾಗಿದ್ದ ಚಿತ್ರಗಳು ನೆನಪಿರಬಹುದು. ಡಿಸೆಂಬರ್ 21ರಿಂದ ಜನವರಿ ಕೊನೆಯವರೆಗಿನ ನಲವತ್ತು ದಿನ, ಕಾಶ್ಮೀರಿಗಳು ಚಿಲ್ಲೈ ಕಲಾನ್ ಎಂದು ಕರೆಯುವ ಕಡುಚಳಿಯ ಅವಧಿ, ಬಹುಪಾಲು ಒಣಗಿಕೊಂಡೇ ಕಳೆಯಿತು. ಕುದುರೆಯವರು, ಸ್ಲೆಡ್ಜ್ ಎಳೆಯುವವರು, ಹೋಟೆಲಿನವರು ಕೈಕಟ್ಟಿ ಕೂತರು; ಹಿಮಕ್ಕಾಗಿ ಪ್ರಾರ್ಥನೆ ನಡೆಯಿತು. ತಿಂಗಳ ಕೊನೆಗೆ ಮೋಡ ಬಂತು, ಫೆಬ್ರುವರಿಯಲ್ಲಿ ಭರ್ಜರಿಯಾಗಿ ಬಿತ್ತು. ಎಲ್ಲರ ಮುಖದಲ್ಲೂ ನಗು. ಆ 22ರ ಕುಸಿತಕ್ಕೆ ಇದೇ ಕಾರಣ ಎಂದು ನಾನು ಹೇಳುತ್ತಿಲ್ಲ. ಆದರೆ ಹಿಮವನ್ನು ಓದಲು ಬಲ್ಲವರು ಇಂಥ ಋತುವಿನಲ್ಲಿ ಮೊದಲು ಕೇಳುವ ಪ್ರಶ್ನೆ, ನೆರಳಿನ ಎತ್ತರದ ಇಳಿಜಾರುಗಳಲ್ಲಿ ಹಳೆಯ ತೆಳು ಹಿಮ ಉಳಿದಿತ್ತೇ, ಹೊಸದು ಅದರ ಮೇಲೆ ಕೂತಿದೆಯೇ ಎಂಬುದು.

ಇನ್ನೊಂದು ದುರ್ಬಲ ಪದರ ಹುಟ್ಟುವುದು ಮೇಲ್ಮೈಯಲ್ಲಿ. ಗಾಳಿಯಿಲ್ಲದ ಸ್ವಚ್ಛ ರಾತ್ರಿಗಳಲ್ಲಿ, ನಮ್ಮಲ್ಲಿ ಇಬ್ಬನಿ ಕೂರುವ ಕ್ರಮದಲ್ಲೇ, ಹಿಮದ ಮೇಲೆ ಗರಿಯಂಥ ತೆಳ್ಳನೆಯ ಹರಳುಗಳು ಎದ್ದು ನಿಲ್ಲುತ್ತವೆ. ಬೆಳಗಿನ ಬಿಸಿಲಿಗೆ ಮಿರಿಮಿರಿ ಮಿಂಚುತ್ತವೆ, ಸ್ಕೀ ಹಾಯಿಸಿದರೆ ಕಿಣಿಕಿಣಿ ಎನ್ನುತ್ತವೆ. ನೋಡಲು ಇದಕ್ಕಿಂತ ಚಂದದ್ದಿಲ್ಲ. ಅದೇ ಗರಿಗಳು ಮುಂದಿನ ಹಿಮದಡಿ ಹೂತುಹೋದರೆ ವಾರಗಟ್ಟಲೆ ಹಾಗೇ ಇರುತ್ತವೆ, ಭಾರ ಬಿದ್ದಾಗ ಮಗುಚಿಕೊಳ್ಳುತ್ತವೆ.

ದುರ್ಬಲ ಪದರ ಒಂದೇ ಇದ್ದರೆ ಕುಸಿತವಾಗುವುದಿಲ್ಲ. ಅದರ ಮೇಲೆ ಒಗ್ಗಟ್ಟಾಗಿ ನಿಂತ ಚಪ್ಪಡಿ ಬೇಕು. ಅದನ್ನು ಕಟ್ಟುವುದರಲ್ಲಿ ಗಾಳಿಯದೇ ಮೇಲುಗೈ. ಪಶ್ಚಿಮದ ಮಾರುತಗಳು ಮೆಡಿಟರೇನಿಯನ್ ಕಡೆಯಿಂದ ತೇವ ಹೊತ್ತು ತಂದು ಅಫರ್ವಟ್ ಇರುವ ಪೀರ್ ಪಂಜಾಲ್ ಶ್ರೇಣಿಗೆ ಹಿಮ ಸುರಿಸುತ್ತವೆ. ಬಿದ್ದ ಹಿಮವನ್ನು ಗಾಳಿ ಏಣಿನ ಒಂದು ಮಗ್ಗುಲಿನಿಂದ ಗುಡಿಸಿ ಇನ್ನೊಂದು ಮಗ್ಗುಲಿಗೆ ಪೇರಿಸುತ್ತದೆ. ಆಕಾಶದಿಂದ ಬೀಳುವುದಕ್ಕಿಂತ ಹತ್ತು ಪಟ್ಟು ವೇಗದಲ್ಲಿ ಅದು ಪೇರಿಸಬಲ್ಲದು. ಉರುಳಿ, ಮುರಿದು, ಪುಡಿಯಾದ ಹರಳುಗಳು ಒತ್ತಾಗಿ ಕೂತು ಚಪ್ಪಡಿಯಾಗುತ್ತವೆ. ಹೋಟೆಲಿನ ಅಂಗಳದಲ್ಲಿ 20 ಸೆಂಟಿಮೀಟರ್ ಬಿದ್ದಿದೆ ಎಂದು ಅಳೆದು ನೋಡಿದವನಿಗೆ, ಮೇಲೆ ಏಣಿನ ಮರೆಯಲ್ಲಿ ಅದು ಒಂದೂವರೆ ಮೀಟರ್ ಆಗಿರುವುದು ಕಾಣುವುದಿಲ್ಲ. ಬೆಳಿಗ್ಗೆ ಕೆಳಗಿನಿಂದಲೇ ಅಫರ್ವಟ್ ಏಣು ನೋಡಿ, ಬಿಳಿ ಬಾವುಟದ ಹಾಗೆ ಹಿಮ ಹಾರುತ್ತಿದ್ದರೆ ಆಚೆ ಮಗ್ಗುಲಿಗೆ ಭಾರ ಏರುತ್ತಿದೆ ಎಂದು ಅರ್ಥ.

ಈಗ ಸ್ಕೀಯರ್ ಬರುತ್ತಾನೆ. ಅವನ ಭಾರ ಚಪ್ಪಡಿಯ ಮೂಲಕ ಕೆಳಗಿನ ಸಕ್ಕರೆ ಪದರಕ್ಕೆ ತಟ್ಟುತ್ತದೆ. ಒಂದು ಕಡೆ ಆ ಹರಳುಗಳು ಕುಸಿದರೆ ಪಕ್ಕದವು ಆ ಭಾರ ಹೊರಬೇಕು, ಅವೂ ಕುಸಿಯುತ್ತವೆ, ಹೀಗೆ ಬಿರುಕು ಚಪ್ಪಡಿಯಡಿಯಲ್ಲಿ ಓಡುತ್ತದೆ. ಕ್ಷಣಾರ್ಧದಲ್ಲಿ ಇಡೀ ಇಳಿಜಾರು ಆಧಾರ ಕಳೆದುಕೊಳ್ಳುತ್ತದೆ. 50 ಮೀಟರ್ ಅಗಲ, 30 ಮೀಟರ್ ಉದ್ದ, ಅರ್ಧ ಮೀಟರ್ ದಪ್ಪದ ಪುಟ್ಟ ಚಪ್ಪಡಿಯ ಲೆಕ್ಕ ಹಾಕಿ. ಘನಮೀಟರ್‌ಗೆ 200 ಕಿಲೋ ಹಿಡಿದರೆ 150 ಟನ್. ಅದು ಒಡೆದು ಗಂಟೆಗೆ ನೂರು ಕಿಲೋಮೀಟರ್ ವೇಗ ಪಡೆಯಲು ಹೆಚ್ಚು ಹೊತ್ತು ಬೇಡ. ಸಮತಟ್ಟು ಜಾಗದಲ್ಲಿ ಅದೇ ಬಿರುಕು ಓಡಿದರೆ ಹಿಮ ಜಾರುವುದಿಲ್ಲ, ‘ಧುಪ್’ ಅಂತ ಒಂದು ಸದ್ದು ಮಾಡಿ ಒಂದಿಷ್ಟು ಕೂರುತ್ತದೆ, ಅಷ್ಟೆ. ಆ ಸದ್ದು ಕೇಳಿಸಿಕೊಂಡವನು ಅವತ್ತಿನ ಮಟ್ಟಿಗೆ ಕಡಿದಾದ ಇಳಿಜಾರಿನ ಆಸೆ ಬಿಡಬೇಕು. ಇದಕ್ಕಿಂತ ಸ್ಪಷ್ಟವಾಗಿ ಹಿಮ ಯಾವತ್ತೂ ಮಾತಾಡುವುದಿಲ್ಲ.

ಎಷ್ಟು ಕಡಿದು ಎಂಬುದಕ್ಕೆ ಲೆಕ್ಕವಿದೆ. ಚಪ್ಪಡಿ ಕುಸಿತಗಳು ಬಹುಪಾಲು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಹುಟ್ಟುತ್ತವೆ, 38ರ ಸುತ್ತಮುತ್ತ ಅತಿ ಹೆಚ್ಚು. ಅದಕ್ಕಿಂತ ಚಪ್ಪಟೆಯಾದರೆ ಚಪ್ಪಡಿ ಜಾರದು; ತೀರಾ ಕಡಿದಾದರೆ ಹಿಮ ಅಲ್ಲಿ ನಿಲ್ಲುವುದೇ ಇಲ್ಲ, ಚೂರುಚೂರಾಗಿ ಬಿದ್ದುಹೋಗುತ್ತಿರುತ್ತದೆ. ದುರದೃಷ್ಟ ಏನೆಂದರೆ ಸ್ಕೀಯಿಂಗ್ ರುಚಿಸುವುದೂ 30ರ ಮೇಲೆಯೇ. ಇಳಿಜಾರಿನ ಕೋನ ಅಳೆಯುವ ಆ್ಯಪ್ ಪ್ರತಿ ಫೋನಿನಲ್ಲೂ ಸಿಗುತ್ತದೆ. ಸ್ಕೀ ಕೋಲನ್ನು ಹಿಮದ ಮೇಲೆ ಮಲಗಿಸಿ ಅದರ ಮೇಲೆ ಫೋನ್ ಇಟ್ಟರೆ ಮುಗಿಯಿತು. ಹಿಮದ ಪದರಗಳ ಬಗ್ಗೆ ಏನೂ ಗೊತ್ತಿಲ್ಲದವನೂ 30 ಡಿಗ್ರಿಗಿಂತ ಕಡಿಮೆ ಇಳಿಜಾರಿನಲ್ಲಿ, ಮೇಲೆ ಕಡಿದಾದ ಜಾಗ ಇಲ್ಲದ ಕಡೆ ಇದ್ದರೆ, ಹೆಚ್ಚುಕಮ್ಮಿ ಎಲ್ಲ ದಿನವೂ ಕ್ಷೇಮವಾಗಿ ಮನೆ ಸೇರುತ್ತಾನೆ. ನನ್ನನ್ನು ಕೇಳಿದರೆ ಹೊಸಬರಿಗೆ ಕಲಿಸಬೇಕಾದ ಮೊದಲ ಪಾಠ ಇದೊಂದೇ. ಉಳಿದದ್ದೆಲ್ಲ ಎರಡನೆಯ ವರ್ಷಕ್ಕೆ.

ಎರಡನೆಯ ವರ್ಷದ ಪಾಠವೆಂದರೆ ಗುಂಡಿ ತೋಡುವುದು. ಇಳಿಯಬೇಕೆಂದಿರುವ ದಿಕ್ಕಿಗೇ ಮುಖ ಮಾಡಿರುವ, ಆದರೆ ಚಿಕ್ಕದಾದ, ಕುಸಿದರೂ ಹಾನಿಯಾಗದ ಜಾಗ ಆರಿಸಿ ಸಲಿಕೆಯಿಂದ ಎದೆಯುದ್ದ ತೋಡಿ ಗೋಡೆ ನುಣುಪು ಮಾಡುತ್ತಾರೆ. ಮೇಲಿನಿಂದ ಕೆಳಕ್ಕೆ ಪದರ ಪದರವಾಗಿ ಒತ್ತಿ ನೋಡುತ್ತಾರೆ. ಮುಷ್ಟಿ ಸಲೀಸಾಗಿ ಹೋದರೆ ತೀರಾ ಮೆತ್ತಗೆ. ನಾಲ್ಕು ಬೆರಳು ಹೋದರೆ ಸ್ವಲ್ಪ ಗಟ್ಟಿ. ಆಮೇಲೆ ಒಂದು ಬೆರಳು, ಪೆನ್ಸಿಲು, ಕೊನೆಗೆ ಚಾಕು. ಪೆನ್ಸಿಲ್ ಮಾತ್ರ ಇಳಿಯುವ ಪದರದ ಕೆಳಗೆ ಮುಷ್ಟಿ ಇಳಿಯುವ ಪದರ ಸಿಕ್ಕಿತೋ, ಅಲ್ಲಿಗೆ ಕಿವಿ ನಿಮಿರುತ್ತದೆ. ಮುಂದೆ 90 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಆಳದ ಕಂಬವೊಂದನ್ನು ಸುತ್ತಲಿನ ಹಿಮದಿಂದ ಕೊಯ್ದು ಬಿಡಿಸುತ್ತಾರೆ. ಅದರ ಒಂದು ತುದಿಯ ಮೇಲೆ ಸಲಿಕೆಯ ಬಾಯಿ ಇಟ್ಟು ತಟ್ಟುವುದು: ಮಣಿಕಟ್ಟಿನಿಂದ ಹತ್ತು ಸಲ, ಮೊಣಕೈಯಿಂದ ಹತ್ತು, ಭುಜದಿಂದ ಹತ್ತು. ತಟ್ಟಿದ ಕಡೆ ಮಾತ್ರ ಹಿಮ ಕುಸಿದು ನಿಂತರೆ ಒಂದು ಮಾತು. ಹದಿಮೂರನೆಯ ಏಟಿಗೋ ಹದಿನಾಲ್ಕನೆಯ ಏಟಿಗೋ ಗೆರೆ ಎಳೆದ ಹಾಗೆ ಬಿರುಕು ಈ ತುದಿಯಿಂದ ಆ ತುದಿಗೆ ಓಡಿ, ಕಂಬದ ಮೇಲ್ಭಾಗ ಇಡಿಯಾಗಿ ಮಡಿಲಿಗೆ ಜಾರಿ ಬಂದರೆ, ಸಲಿಕೆ ಮಡಚಿಟ್ಟು ಬೇರೆ ದಾರಿ ನೋಡುವುದು. ಕಂಬದಲ್ಲಿ ಓಡಿದ ಬಿರುಕು ಇಳಿಜಾರಿನಲ್ಲೂ ಓಡಬಲ್ಲದು. ಇದಕ್ಕೊಂದು ಮಿತಿಯೂ ಇದೆ: ಬಿರುಕು ಓಡಲಿಲ್ಲ ಎಂದಾಕ್ಷಣ ಇಪ್ಪತ್ತು ಮೀಟರ್ ಆಚೆಯೂ ಹಾಗೆಯೇ ಇದೆ ಎನ್ನಲಾಗದು. ಗುಂಡಿಯಿಂದ ‘ಬೇಡ’ ಎಂಬ ಉತ್ತರ ಸಿಕ್ಕರೆ ನಂಬಬೇಕು, ‘ಹೂಂ’ ಎಂಬ ಉತ್ತರ ಸಿಕ್ಕರೆ ಅರೆನಂಬಿಕೆ ಸಾಕು.

ಇಷ್ಟೆಲ್ಲ ಗೊತ್ತಿದ್ದವರೂ ಸಾಯುತ್ತಾರೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಟನಲ್ ಕ್ರೀಕ್‌ನಲ್ಲಿ 2012ರ ಫೆಬ್ರುವರಿ 19ರಂದು ಹದಿನಾರು ಮಂದಿಯ ತಂಡ ಇಳಿಯಿತು. ಸ್ಕೀಯಿಂಗ್ ವೃತ್ತಿಯವರು, ಅದೇ ಬೆಟ್ಟದ ಮಗ್ಗುಲಲ್ಲಿ ಬದುಕಿದವರು ಅದರಲ್ಲಿದ್ದರು. ಅವತ್ತಿನ ಎಚ್ಚರಿಕೆಯನ್ನು ಓದಿದವರೂ ಇದ್ದರು. ಮೂವರು ಸತ್ತರು. ಇಯಾನ್ ಮೆಕ್‌ಕ್ಯಾಮನ್ ಎಂಬ ಸಂಶೋಧಕ ಅಮೆರಿಕದ 700ಕ್ಕೂ ಹೆಚ್ಚು ಅಪಘಾತಗಳ ದಾಖಲೆ ಕೆದಕಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಿಮಕ್ಕಿಂತ ಮನುಷ್ಯರ ಬಗ್ಗೆಯೇ ಹೆಚ್ಚು ಹೇಳಿದ. ಗೊತ್ತಿರುವ ಜಾಗ ಎಂಬ ಸಲಿಗೆ, ಹೊರಟ ಮೇಲೆ ಹಿಂದಿರುಗಲಾಗದ ಹಟ, ತಂಡದಲ್ಲಿ ಒಬ್ಬ ಬಲ್ಲವನಿದ್ದಾನೆಂಬ ಭರವಸೆ, ಹೊಸ ಹಿಮದ ಮೇಲೆ ಬೇರೆಯವರ ಸ್ಕೀ ಗೆರೆ ಎಳೆಯುವ ಮೊದಲು ನಾವೇ ಎಳೆಯಬೇಕೆಂಬ ಆತುರ. ನಮ್ಮವರ ವಿಷಯದಲ್ಲಿ ಇದಕ್ಕೆ ಇನ್ನೆರಡನ್ನು ಸೇರಿಸಬೇಕು. ಒಂದು, ಭಾನುವಾರ ಶ್ರೀನಗರದಿಂದ ಹೊರಡುವ ವಿಮಾನದ ಟಿಕೆಟ್. ಐದು ದಿನದ ರಜೆಯಲ್ಲಿ ಮೂರು ದಿನ ಬಿರುಗಾಳಿಗೆ ಹೋಗಿ, ನಾಲ್ಕನೆಯ ದಿನ ಬಿಸಿಲು ಬಿದ್ದಾಗ ‘ಇವತ್ತು ಬೇಡ’ ಅನ್ನಲು ನಾಲಿಗೆ ಏಳುವುದಿಲ್ಲ. ಬಿರುಗಾಳಿ ನಿಂತ ಮೊದಲ ಒಂದೆರಡು ದಿನವೇ ಹಿಮ ಅತಿ ಅಸ್ಥಿರವಾಗಿರುವುದು. ಎರಡು, ಗೈಡ್ ಎದುರು ಪ್ರಶ್ನೆ ಕೇಳಲು ಸಂಕೋಚ. ದುಡ್ಡು ಕೊಟ್ಟಿದ್ದೇವೆ, ಅವರಿಗೆ ಗೊತ್ತಿರುತ್ತದೆ ಬಿಡಿ ಎಂದುಕೊಳ್ಳುತ್ತೇವೆ. ಗೈಡ್ ಕೂಡ ಅತ್ತ ದುಡ್ಡು ಕೊಟ್ಟವರನ್ನು ನಿರಾಸೆ ಮಾಡಲಾರದೆ ಒದ್ದಾಡುತ್ತಿರುತ್ತಾನೆ. ಇಬ್ಬರೂ ಬಾಯಿ ಮುಚ್ಚಿಕೊಂಡು ಏಣು ದಾಟುತ್ತಾರೆ.

ಸಿಕ್ಕಿಕೊಂಡರೆ? ಮುಖ್ಯ ಶತ್ರು ಉಸಿರುಗಟ್ಟುವುದು. ಹಿಮದಲ್ಲಿ ಗಾಳಿ ಇದ್ದರೂ, ಬಿಟ್ಟ ಉಸಿರಿನ ತೇವ ಮುಖದ ಮುಂದೆ ಮಂಜುಗಡ್ಡೆಯ ಮುಖವಾಡ ಕಟ್ಟುತ್ತದೆ, ತನ್ನದೇ ಇಂಗಾಲದ ಡೈಆಕ್ಸೈಡ್ ತನಗೇ ತಿರುಗಿ ಬರುತ್ತದೆ. ಹರಿಯುವಾಗ ನೀರಿನಂತಿದ್ದ ಹಿಮ ನಿಂತ ಕ್ಷಣ ಬಿಗಿದುಕೊಳ್ಳುತ್ತದೆ, ಬೆರಳೂ ಅಲುಗಿಸಲಾಗದು. ಸ್ವಿಟ್ಜರ್ಲೆಂಡಿನ ದಾಖಲೆಗಳಿಂದ ಕಟ್ಟಿದ ಪ್ರಸಿದ್ಧ ರೇಖೆಯೊಂದಿದೆ. ಪೂರ್ತಿ ಹೂತುಹೋದವರನ್ನು ಮೊದಲ ಕಾಲು ಗಂಟೆಯೊಳಗೆ ಹೊರತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಬದುಕುತ್ತಾರೆ. 35 ನಿಮಿಷಕ್ಕೆ ಅದು ಮೂವರಲ್ಲಿ ಒಬ್ಬರಿಗೆ ಇಳಿಯುತ್ತದೆ. ಈಚಿನ ಲೆಕ್ಕಗಳು ಆ ಕಾಲು ಗಂಟೆಯನ್ನು 10 ನಿಮಿಷಕ್ಕೆ ಇಳಿಸಿವೆ. ಹೆಲಿಕಾಪ್ಟರ್, ಪೊಲೀಸ್, ಸೇನೆ ಯಾವುದೂ 10 ನಿಮಿಷದಲ್ಲಿ ಬಂದು ತಲುಪದು. ಬದುಕಿಸಬೇಕಾದವನು ಪಕ್ಕದಲ್ಲಿರುವ ಗೆಳೆಯ.

ಅದಕ್ಕೇ ಮೂರು ಸಾಮಾನು ಕಡ್ಡಾಯ: ಮೈಮೇಲೆ ರೇಡಿಯೊ ಸಂಕೇತ ಕಳಿಸುವ ಬೀಕನ್, ಚೀಲದಲ್ಲಿ ಪ್ರೋಬ್ ಎಂಬ ಮಡಚುವ ಉದ್ದ ಕಡ್ಡಿ, ಲೋಹದ ಸಲಿಕೆ. ಜಗತ್ತಿನ ಎಲ್ಲ ಬೀಕನ್‌ಗಳೂ 457 ಕಿಲೋಹರ್ಟ್ಸ್‌ನಲ್ಲಿ ಮಿಡಿಯುತ್ತವೆ, ಒಂದು ಕಂಪನಿಯದು ಇನ್ನೊಂದಕ್ಕೆ ಕೇಳಿಸುತ್ತದೆ. ಹುಡುಕುವವರು ತಮ್ಮದನ್ನು ಹುಡುಕುವ ಸ್ಥಿತಿಗೆ ತಿರುಗಿಸಿ ಬಾಣದ ಗುರುತು ಹಿಡಿದು ಓಡುತ್ತಾರೆ. ಕೊನೆಯ ಕೆಲವು ಮೀಟರ್ ಬೀಕನ್ ಹಿಮಕ್ಕೆ ತಾಗಿಸಿ ನಿಧಾನ. ಅತಿ ಕಡಿಮೆ ಅಂಕಿ ತೋರಿದ ಜಾಗದಿಂದ ಸುತ್ತು ಸುತ್ತಾಗಿ 25 ಸೆಂಟಿಮೀಟರ್‌ಗೊಂದರಂತೆ ಕಡ್ಡಿ ಚುಚ್ಚುವುದು. ಮೆತ್ತಗೆ ತಗುಲಿತೆಂದರೆ ಕಡ್ಡಿಯನ್ನು ಅಲ್ಲೇ ಬಿಟ್ಟು, ನೇರ ಮೇಲಿನಿಂದ ತೋಡದೆ, ಇಳಿಜಾರಿನ ಕೆಳಗಡೆಯಿಂದ ಅಡ್ಡಕ್ಕೆ ತೋಡಿಕೊಂಡು ಹೋಗುವುದು. ಹೆಚ್ಚು ಹೊತ್ತು ಹಿಡಿಯುವುದು ತೋಡುವುದಕ್ಕೇ. ಕಲಿತವರು ಗೆಳೆಯನ ಬೀಕನ್ನನ್ನು ಚೀಲದಲ್ಲಿ ಹಾಕಿ ಹೂತಿಟ್ಟು ಪ್ರತಿ ಋತುವಿನ ಆರಂಭದಲ್ಲೂ ಅಭ್ಯಾಸ ಮಾಡುತ್ತಾರೆ. ಇತ್ತೀಚೆಗೆ ಏರ್‌ಬ್ಯಾಗ್ ಇರುವ ಚೀಲಗಳೂ ಬಂದಿವೆ, ಹಿಡಿಕೆ ಎಳೆದರೆ ದೊಡ್ಡ ಬುಗ್ಗೆ ಉಬ್ಬುತ್ತದೆ. ಮೊರದಲ್ಲಿ ಕಾಳು ಕುಲುಕಿದಾಗ ದಪ್ಪಗಿನವು ಮೇಲಕ್ಕೆ ಬರುತ್ತವಲ್ಲ, ಹರಿಯುವ ಹಿಮದಲ್ಲೂ ಅದೇ ನಡೆದು ಗಾತ್ರ ದೊಡ್ಡದಾದ ಮನುಷ್ಯ ಮೇಲುಗಡೆ ಉಳಿಯುತ್ತಾನೆ. ಟನಲ್ ಕ್ರೀಕ್‌ನಲ್ಲಿ ಕೊಚ್ಚಿಹೋದ ಒಬ್ಬಾಕೆ ಉಳಿದದ್ದು ಹಾಗೆ. ಮರಕ್ಕೋ ಬಂಡೆಗೋ ಬಡಿದರೆ ಮಾತ್ರ ಯಾವ ಬುಗ್ಗೆಯೂ ಕಾಯುವುದಿಲ್ಲ. ಹಿಮಕುಸಿತದ ಸಾವುಗಳಲ್ಲಿ ಸುಮಾರು ಕಾಲು ಭಾಗ ಏಟಿನಿಂದಲೇ ಆಗುತ್ತವೆ.

ಕನ್ನಡಿಗರಿಗೆ ಹಿಮಕುಸಿತ ಎಂದರೆ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ನೆನಪಾಗುತ್ತಾರೆ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನ ಸೋನಂ ಠಾಣೆಯ ಮೇಲೆ, ಸುಮಾರು 19,600 ಅಡಿ ಎತ್ತರದಲ್ಲಿ, ಹಿಮದ ಗೋಡೆ ಕುಸಿದು ಹತ್ತು ಮಂದಿ ಹೂತುಹೋದರು. ಅವರಲ್ಲಿ ಹಾಸನ, ಮೈಸೂರು ಕಡೆಯವರೂ ಇದ್ದರು. ಆರನೆಯ ದಿನ 25 ಅಡಿಗೂ ಹೆಚ್ಚು ಆಳದಲ್ಲಿ ಹನುಮಂತಪ್ಪ ಜೀವಂತವಾಗಿ ಸಿಕ್ಕರು. ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. 35 ನಿಮಿಷದ ಲೆಕ್ಕ ಹೇಳುವಾಗ ಇದು ಹೇಗೆ ಸಾಧ್ಯವಾಯಿತು ಎಂದು ಕೇಳುವವರಿದ್ದಾರೆ. ಅವರು ಡೇರೆಯೊಳಗಿದ್ದರು. ಡೇರೆಯ ಮೇಲೆ ಹಿಮ ಬಿದ್ದಾಗ ಒಳಗೆ ಗಾಳಿಯ ಒಂದು ಪೊಳ್ಳು ಉಳಿದಿತ್ತು ಎನ್ನಲಾಗಿದೆ. ಇಳಿಜಾರಿನಲ್ಲಿ ಕೊಚ್ಚಿಹೋಗುವ ಸ್ಕೀಯರ್‌ಗೆ ಅಂಥ ಪೊಳ್ಳು ಸಿಗುವುದು ಕಡಿಮೆ. ಅವರ ಕತೆಯನ್ನು ಬೆಟ್ಟದಲ್ಲಿ ಧೈರ್ಯಕ್ಕಾಗಿ ಹೇಳಿಕೊಳ್ಳುವುದನ್ನು ಕೇಳಿದ್ದೇನೆ. ಅದು ಸರಿಯಾದ ಪಾಠವಲ್ಲ.

ನಮ್ಮಲ್ಲಿ ಇನ್ನೊಂದು ಕೊರತೆ ಇದೆ. ಸ್ವಿಟ್ಜರ್ಲೆಂಡಿನವರು 1936ರಲ್ಲೇ ದಾವೋಸ್ ಮೇಲಿನ ಬೆಟ್ಟದಲ್ಲಿ ಹಿಮ ಸಂಶೋಧನೆ ಶುರುಮಾಡಿದರು. ಇವತ್ತು ಅಲ್ಲಿನ ಸಂಸ್ಥೆ ಯಾವ ದಿಕ್ಕಿನ, ಯಾವ ಎತ್ತರದ ಇಳಿಜಾರಿನಲ್ಲಿ, ಯಾವ ಪದರದಿಂದ ಅಪಾಯ ಎಂದು ನಕ್ಷೆ ಸಮೇತ ಚಳಿಗಾಲದ ಪ್ರತಿದಿನ ಸಾರ್ವಜನಿಕರಿಗೆ ಹೇಳುತ್ತದೆ. ನಮ್ಮ ಡಿಆರ್‌ಡಿಒ 1969ರಲ್ಲಿ ಮನಾಲಿಯಲ್ಲಿ ಕಟ್ಟಿದ ಹಿಮ ಅಧ್ಯಯನ ಸಂಸ್ಥೆ ಈಗ ಡಿಜಿಆರ್‌ಇ ಎಂಬ ಹೆಸರಿನಲ್ಲಿದೆ. ಅಲ್ಲಿನವರ ಜ್ಞಾನ ಸಣ್ಣದಲ್ಲ, ಸೇನೆಯ ಠಾಣೆ ಮತ್ತು ರಸ್ತೆಗಳಿಗಾಗಿ ದುಡಿಯುತ್ತಿದ್ದಾರೆ. ಅದು ನ್ಯಾಯವೇ. ಆದರೆ ಪ್ರವಾಸೋದ್ಯಮ ಇಲಾಖೆ ಗೊಂಡೋಲಾ ಟಿಕೆಟ್ ಮಾರುವಷ್ಟು ಉತ್ಸಾಹದಿಂದ, ಅದೇ ಕಿಟಕಿಯಲ್ಲಿ ‘ಈಶಾನ್ಯದ ಇಳಿಜಾರು, 3,500 ಮೀಟರ್ ಮೇಲೆ, ಗಾಳಿ ಪೇರಿಸಿದ ಚಪ್ಪಡಿ’ ಎಂದು ಇಂಗ್ಲಿಷ್, ಹಿಂದಿ, ಉರ್ದುವಿನಲ್ಲಿ ಒಂದು ಬೋರ್ಡು ಬರೆಸಿ ಹಾಕಿದರೆ ಖರ್ಚೇನೂ ಆಗುವುದಿಲ್ಲ.

ಬೋರ್ಡು ಬರುವವರೆಗೆ, ಮೇಲೆ ಹೋಗಲೇಬೇಕೆನ್ನುವವರು ಹಿಂದಿನ ಸಂಜೆಯೇ ಗೈಡ್ ಜೊತೆ ಕೂತು ಕೇಳಬೇಕಾದದ್ದಿಷ್ಟು. ಕಳೆದ ಮೂರು ದಿನ ಗಾಳಿ ಯಾವ ಕಡೆಯದು? ನಾಳೆಯ ದಾರಿಯಲ್ಲಿ ಅತಿ ಕಡಿದಾದ ಜಾಗ ಎಷ್ಟು ಡಿಗ್ರಿ? ಈ ವಾರ ಪಕ್ಕದಲ್ಲಿ ಏನಾದರೂ ಬಿದ್ದಿದೆಯೇ? ಬೇಡ ಎನಿಸಿದರೆ ಎರಡನೆಯ ದಾರಿ ಯಾವುದು? ಮಾರ್ಚ್ ಆಗಿದ್ದರೆ ಇನ್ನೊಂದು: ಬಿಸಿಲಿಗೆ ಹಿಮ ಒದ್ದೆಯಾಗಿ ಭಾರವಾಗುವ ಮೊದಲು, ಎಷ್ಟು ಗಂಟೆಯೊಳಗೆ ಕೆಳಗಿರುತ್ತೇವೆ? ಉತ್ತರ ‘ನೋ ಪ್ರಾಬ್ಲಮ್ ಸರ್’ ಎಂದಷ್ಟೇ ಬಂದರೆ ಬೇರೆ ಗೈಡ್ ಹುಡುಕಬೇಕು. ಕಡಿದಾದ ಜಾಗದಲ್ಲಿ ಒಬ್ಬೊಬ್ಬರೇ ಇಳಿಯುವುದು, ಉಳಿದವರು ಪಕ್ಕಕ್ಕೆ ನಿಂತು ನೋಡುತ್ತಿರುವುದು, ಇದರಲ್ಲಿ ರಾಜಿ ಇಲ್ಲ. ಗೊಂಡೋಲಾ ಇಳಿದ ಕೂಡಲೇ ಒಬ್ಬರು ಮುಂದೆ ನಿಂತು, ಒಬ್ಬೊಬ್ಬರನ್ನೇ ಎದುರಿನಿಂದ ದಾಟಿಸಿ, ಪ್ರತಿಯೊಬ್ಬರ ಬೀಕನ್ ಮಿಡಿಯುತ್ತಿದೆಯೇ ಎಂದು ಕೇಳಿಸಿಕೊಳ್ಳಬೇಕು. ಬೀಕನ್ ಅನ್ನು ಚೀಲದಲ್ಲಿ ಇಡಬಾರದು, ಕೊಚ್ಚಿಹೋಗುವಾಗ ಚೀಲ ಕಳಚಬಹುದು. ಅದರ ಪಟ್ಟಿಯಲ್ಲೇ ಜಾಕೆಟ್‌ನ ಒಳಗೆ ಕಟ್ಟಿಕೊಳ್ಳಬೇಕು. ಫೋನು, ಕ್ಯಾಮೆರಾ, ಕೈ ಬೆಚ್ಚಗಿಡುವ ಬ್ಯಾಟರಿ ಗವಸು ಇವೆಲ್ಲ ಅದರ ಸಂಕೇತವನ್ನು ಕೆಡಿಸುತ್ತವೆ. ಇಳಿಯುವಾಗ ಕನಿಷ್ಠ 20 ಸೆಂಟಿಮೀಟರ್ ದೂರ, ಯಾರನ್ನಾದರೂ ಹುಡುಕುವಾಗ 50 ಸೆಂಟಿಮೀಟರ್ ದೂರ. ರೀಲ್ಸ್ ಮಾಡುವವರು ಫೋನನ್ನು ಎದೆಯ ಜೇಬಿನಿಂದ ಪ್ಯಾಂಟಿನ ಜೇಬಿಗೆ ಹಾಕಿಕೊಂಡರೂ ಆಯಿತು.